ಸಾದಾನಾ, ಪವರ್ರಾ?

ಬಂಕಿನಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದಂತೆ ಪೆಟ್ರೋಲ್ ಹಾಕುವ ಹುಡುಗ ಕೇಳುತ್ತಾನೆ: ‘ಸಾದಾ ಹಾಕ್ಲಾ ಅಣ್ಣಾ, ಪವರ್ ಹಾಕ್ಲಾ?’ ಯೋಚನೆ ಮಾಡಲು ಪುರುಸೊತ್ತಿಲ್ಲ. ಹಿಂದಿನ ಗಾಡಿಯವನು ಆಗಲೇ ಹಾರನ್ ಒತ್ತುತ್ತಿರುತ್ತಾನೆ. ಕೆಲವರು ಅಭ್ಯಾಸಬಲದಿಂದ ‘ಸಾದಾನೇ ಹಾಕಪ್ಪ’ ಅನ್ನುತ್ತಾರೆ. ಹೊಸ ಕಾರು ಕೊಂಡವರು, ಸಾಲ ಮಾಡಿ ತಂದ ಗಾಡಿಗೆ ಒಳ್ಳೆಯದನ್ನೇ ಹಾಕೋಣ ಎಂದು ‘ಪವರ್’ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಬಂಕಿನ ಹುಡುಗನೂ ಹೇಳಲಾರ, ಬಂಕಿನ ಮಾಲೀಕರೂ ಹೇಳಲಾರರು. ಹೇಳಬಲ್ಲದ್ದು ಕಾರು ಮಾತ್ರ. ಅದು ಕಾರಿನ ಮೇಲೇ ಬರೆದಿದೆ, ನಾವು ಓದಿಲ್ಲ ಅಷ್ಟೆ.

ಕಣಕಟ್ಟೆಯನ್ನೇ ನೋಡಿ, ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ತೆಂಗು, ರಾಗಿಯ ಸೀಮೆ. ಇಲ್ಲಿ ಗಾಡಿ ಎಂದರೆ ಮೊದಲು ನೆನಪಾಗುವುದು ಎರಡು ಬದಿಗೂ ಕಾಯಿ ತುಂಬಿದ ಚೀಲ ಕಟ್ಟಿಕೊಂಡು ತೋಟದಿಂದ ಬರುವ ಟಿವಿಎಸ್ ಎಕ್ಸೆಲ್. ಆಮೇಲೆ ಬೈಕು, ಟ್ರ್ಯಾಕ್ಟರು, ಗೂಡ್ಸ್ ಆಟೊ. ಕಾರು ಮನೆಯಂಗಳಕ್ಕೆ ಬಂದದ್ದು ಇತ್ತೀಚೆಗೆ. ಎಷ್ಟೋ ಮನೆಗಳಿಗೆ ಅದು ಬೆಂಗಳೂರಿನಲ್ಲೋ ಹಾಸನದಲ್ಲೋ ಓಡಿ, ಒಬ್ಬರಿಬ್ಬರು ಮಾಲೀಕರ ಕೈದಾಟಿ ಬಂದ ಕಾರು. ಹಾಗೆ ಕೈ ಬದಲಾಗುವಾಗ ಆರ್‌ಸಿ, ಇನ್ಶೂರೆನ್ಸ್, ಎರಡನೇ ಕೀಲಿ ಎಲ್ಲವನ್ನೂ ನಾವು ಕೇಳಿ ತೆಗೆದುಕೊಳ್ಳುತ್ತೇವೆ. ಡ್ಯಾಷ್‌ಬೋರ್ಡಿನಲ್ಲಿರಬೇಕಾದ ಓನರ್ಸ್ ಮ್ಯಾನ್ಯುಯಲ್ ಎಲ್ಲಿ ಎಂದು ಕೇಳುವವರು ಕಡಿಮೆ. ಪೆಟ್ರೋಲಿನ ವಿಷಯದಲ್ಲಿ ಕೊನೆಯ ಮಾತು ಇರುವುದು ಆ ಪುಸ್ತಕದಲ್ಲೇ.

ಪುಸ್ತಕ ಇಲ್ಲದವರು ಪೆಟ್ರೋಲ್ ಟ್ಯಾಂಕಿನ ಹೊರಬಾಗಿಲ ಒಳಮೈ ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಅಲ್ಲೊಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಆರ್‌ಒಎನ್ ಎಂಬ ಮೂರಕ್ಷರ, ಪಕ್ಕದಲ್ಲಿ 91 ಅಥವಾ 95 ಎಂಬ ಅಂಕಿ. ನಿಮ್ಮ ಎಂಜಿನ್ನಿಗೆ ಕನಿಷ್ಠ ಎಷ್ಟು ಆಕ್ಟೇನ್ ಬೇಕು ಎಂದು ಅದನ್ನು ರೂಪಿಸಿದ ಎಂಜಿನಿಯರುಗಳೇ ಬರೆದ ಮಾತು ಅದು. ಚೀಟಿಯೂ ಕಿತ್ತುಹೋಗಿದ್ದರೆ, ಹೆಚ್ಚಿನ ಕಾರು ಕಂಪನಿಗಳ ವೆಬ್‌ಸೈಟಿನಲ್ಲಿ ಮಾದರಿ ಮತ್ತು ವರ್ಷ ಕೊಟ್ಟರೆ ಮ್ಯಾನ್ಯುಯಲ್ ಪುಕ್ಕಟೆಯಾಗಿ ಸಿಗುತ್ತದೆ. ಮೊಬೈಲಿನಲ್ಲೇ ಓದಬಹುದು.

ಈ ಅಂಕಿ ಪೆಟ್ರೋಲಿನ ಶಕ್ತಿಯನ್ನು ಹೇಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 95 ಎಂದರೆ 91ಕ್ಕಿಂತ ಜೋರು, 100 ಎಂದರೆ ಎಲ್ಲಕ್ಕಿಂತ ಜೋರು ಎಂದು. ‘ಪವರ್’, ‘ಸ್ಪೀಡ್’ ಎಂಬ ಹೆಸರುಗಳೂ ಆ ನಂಬಿಕೆಗೆ ನೀರೆರೆದಿವೆ. ಆಕ್ಟೇನ್ ಅಳೆಯುವುದು ಪೆಟ್ರೋಲಿನ ತಾಳಿಕೆಯನ್ನು: ಎಷ್ಟು ಒತ್ತಿದರೂ, ಎಷ್ಟು ಬಿಸಿಯಾದರೂ, ಕಿಡಿ ತಗಲುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಇರುವ ಗುಣವನ್ನು. ಒಂದು ಲೀಟರ್ 91ರಲ್ಲಿ ಇರುವಷ್ಟೇ ಶಕ್ತಿ, ಹೆಚ್ಚುಕಡಿಮೆ, ಒಂದು ಲೀಟರ್ 95ರಲ್ಲೂ ಇರುತ್ತದೆ.

ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಗಾಳಿ ಒತ್ತಿದಾಗ ಪಂಪಿನ ತಳ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲೂ ಆಗುವುದು ಅದೇ. ಪಿಸ್ಟನ್ ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲಿನ ಆವಿ ಒಳಗೆ ಬರುತ್ತದೆ. ಮೇಲೇರಿದಾಗ ಅದನ್ನು ಹತ್ತರಲ್ಲೊಂದು ಜಾಗಕ್ಕೆ ಹಿಂಡುತ್ತದೆ. ಬೆಂಕಿ ಹೊತ್ತುವ ಮೊದಲೇ ಆ ಮಿಶ್ರಣದ ಬಿಸಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹಾರಿ, ಜ್ವಾಲೆ ಪ್ಲಗ್ಗಿನ ಬಳಿಯಿಂದ ಸಿಲಿಂಡರಿನ ಅಂಚಿನವರೆಗೆ ಹರಡುತ್ತಾ ಹೋಗಬೇಕು, ಪಿಸ್ಟನ್ನನ್ನು ಹದವಾಗಿ ಕೆಳಗೆ ದಬ್ಬಬೇಕು. ಪೆಟ್ರೋಲಿಗೆ ತಾಳಿಕೆ ಸಾಲದಿದ್ದರೆ, ಜ್ವಾಲೆ ಬಂದು ಮುಟ್ಟುವ ಮೊದಲೇ ಅಂಚಿನಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಬೇಲೂರಿನ ತೇರು ಎಳೆಯುವಾಗ ಎಲ್ಲರೂ ಒಂದೇ ಕೂಗಿಗೆ ಹಗ್ಗ ಜಗ್ಗದೆ, ಒಂದು ಬದಿಯವರು ಮೊದಲೇ ಜಗ್ಗಿಬಿಟ್ಟರೆ ಗಾಲಿಗೆ ಬೀಳುವ ಪೆಟ್ಟಿನಂಥದ್ದು ಅದು. ಸಿಲಿಂಡರಿನ ಗೋಡೆಗೆ, ಪಿಸ್ಟನ್ನಿನ ತಲೆಗೆ ಒತ್ತಡದ ಅಲೆ ಬಂದು ಬಡಿಯುತ್ತದೆ.

ಆ ಬಡಿತವೇ ನಾಕಿಂಗ್. ಗ್ಯಾರೇಜಿನವರು ‘ಕಟಕಟ ಅಂತಿದೆ’ ಎನ್ನುತ್ತಾರೆ. ಎಂಜಿನ್ನಿನೊಳಗೆ ಯಾರೋ ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿದಂಥ ಸದ್ದು. ಆಗೊಮ್ಮೆ ಈಗೊಮ್ಮೆ ಕೇಳಿದರೆ ಅನಾಹುತವೇನಿಲ್ಲ. ದಿನಗಟ್ಟಲೆ ಹಾಗೇ ಓಡಿಸಿದರೆ ಪಿಸ್ಟನ್ನಿನ ಅಂಚು ಸವೆಯುತ್ತದೆ, ರಿಂಗು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಮೇಲಿನದು ಬೋರಿಂಗ್ ಖರ್ಚು.

ಎಂಜಿನ್ ಬಡಿದುಕೊಳ್ಳುವುದಕ್ಕೆ ಪೆಟ್ರೋಲಿನ ಗುಣವೇ ಕಾರಣ ಎಂದು ಮೊದಲು ಕ್ರಮವಾಗಿ ತೋರಿಸಿದವರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯಾರಿ ರಿಕಾರ್ಡೊ ಪ್ರಮುಖರು. ಅದನ್ನು ಅಳೆಯಲು ಅಳತೆಗೋಲು ಕೊಟ್ಟವರು ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್, 1926ರಲ್ಲಿ. ಅವರು ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಒಂದು ಹೆಪ್ಟೇನ್, ಸ್ವಲ್ಪ ಒತ್ತಿದರೂ ಬಡಿಯತೊಡಗುತ್ತದೆ, ಅದಕ್ಕೆ ಸೊನ್ನೆ. ಇನ್ನೊಂದು ಐಸೊಆಕ್ಟೇನ್, ಬಹಳ ತಾಳುತ್ತದೆ, ಅದಕ್ಕೆ ನೂರು. ಆ ಕಾಲದಲ್ಲಿ ಶುದ್ಧ ಹೆಪ್ಟೇನ್ ಸಿಗುತ್ತಿದ್ದದ್ದು ಅಮೆರಿಕದ ಪಶ್ಚಿಮ ಬೆಟ್ಟಗಳಲ್ಲಿ ಬೆಳೆಯುವ ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಪರೀಕ್ಷೆಗೆಂದೇ ಒಂಟಿ ಸಿಲಿಂಡರಿನ ಎಂಜಿನ್ ಒಂದನ್ನು 1920ರ ದಶಕದ ಕೊನೆಗೆ ಮಾಡಿದರು. ಅದು ಓಡುತ್ತಿರುವಾಗಲೇ ಒತ್ತುವ ಪ್ರಮಾಣವನ್ನು ಏರಿಸಬಹುದು, ಇಳಿಸಬಹುದು. ನಿಮ್ಮ ಪೆಟ್ರೋಲ್ ಆ ಎಂಜಿನ್ನಿನಲ್ಲಿ 91 ಪಾಲು ಐಸೊಆಕ್ಟೇನ್, 9 ಪಾಲು ಹೆಪ್ಟೇನ್ ಮಿಶ್ರಣದಂತೆಯೇ ನಡೆದುಕೊಂಡರೆ ಅದು 91 ಆಕ್ಟೇನ್. ಇವತ್ತಿಗೂ ಜಗತ್ತಿನ ರಿಫೈನರಿಗಳ ಪ್ರಯೋಗಾಲಯಗಳಲ್ಲಿ ಅದೇ ಜಾತಿಯ ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ತಿರುಗುತ್ತಿದೆ.

ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ, ‘ಇಲ್ಲಿ ನಾವು 87 ಹಾಕಿಸ್ತೀವಿ, ಕಾರು ಚೆನ್ನಾಗೇ ಓಡುತ್ತೆ’ ಎಂದರೆ ನಮ್ಮದಕ್ಕಿಂತ ಕಡಿಮೆ ದರ್ಜೆಯದು ಎಂದುಕೊಳ್ಳಬೇಡಿ. ಅವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ನಾವು ಒಂದೇ ಪರೀಕ್ಷೆಯ ಅಂಕಿಯನ್ನು ಬರೆಯುತ್ತೇವೆ. ಅವರ 87 ಹತ್ತಿರಹತ್ತಿರ ನಮ್ಮ 91ಕ್ಕೆ ಸಮ.

ತಾಳಿಕೆ ಎಷ್ಟು ಬೇಕು ಎಂಬುದು ಎಂಜಿನ್ ಎಷ್ಟು ಒತ್ತುತ್ತದೆ ಎನ್ನುವುದರ ಮೇಲೆ ನಿಂತಿದೆ. ಅದನ್ನೇ ಕಂಪ್ರೆಷನ್ ರೇಷಿಯೊ ಎನ್ನುವುದು. ಅಂಬಾಸಿಡರ್ ಕಾಲದ ಎಂಜಿನ್ನುಗಳಲ್ಲಿ ಅದು ಏಳೆಂಟರ ಆಸುಪಾಸು. 1983ರಲ್ಲಿ ಬಂದ ಮಾರುತಿ 800ರಲ್ಲಿ ಒಂಬತ್ತರ ಹತ್ತಿರ. ಸ್ವಿಫ್ಟಿಗೆ ಆಮೇಲೆ ಬಂದ ಡ್ಯುಯಲ್‌ಜೆಟ್ ಎಂಜಿನ್ನಿನಲ್ಲಿ ಹನ್ನೆರಡು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಎಂಜಿನ್ನಿನಲ್ಲಿ ಹದಿಮೂರಕ್ಕೆ ಕಡಿಮೆಯಿಲ್ಲ. ಹೆಚ್ಚು ಒತ್ತಿದಷ್ಟೂ ಒಂದು ಲೀಟರಿನಿಂದ ಹೆಚ್ಚು ಕೆಲಸ ತೆಗೆಯಬಹುದು. ನಮಗೆ ಸಿಗುತ್ತಿರುವ ಇಪ್ಪತ್ತರ ಮೇಲಿನ ಮೈಲೇಜಿಗೆ ಇದೂ ಒಂದು ಕಾರಣ.

ಹಾಗಾದರೆ ರೇಷಿಯೊ ಹನ್ನೆರಡು ಇದ್ದರೆ ದುಬಾರಿ ಪೆಟ್ರೋಲೇ ಬೇಕೇ? ಬೇಡ. ಹಳೆಯ ಲೆಕ್ಕ ತಪ್ಪುವುದು ಇಲ್ಲೇ. ಈಗಿನ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚಬೇಕು, ತಂಪಾದ ಹೊಗೆಯನ್ನು ಎಷ್ಟು ಮರಳಿ ಒಳಗೆ ಬಿಡಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದನ್ನೆಲ್ಲ ಕಂಪ್ಯೂಟರ್ ನಿರ್ಧರಿಸುತ್ತದೆ. ಸಿಲಿಂಡರ್ ಬ್ಲಾಕಿನ ಮೇಲೆ ಕಿವಿಯಂತೆ ಅಂಟಿಕೊಂಡಿರುವ ನಾಕ್ ಸೆನ್ಸರ್, ನಮ್ಮ ಕಿವಿಗೆ ಬೀಳದಷ್ಟು ಸಣ್ಣ ಬಡಿತವನ್ನೂ ಹಿಡಿಯುತ್ತದೆ. ಹಿಡಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ಒಂದೆರಡು ಡಿಗ್ರಿ ತಡ ಮಾಡುತ್ತದೆ, ಬಡಿತ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಮೊದಲಿನ ಜಾಗಕ್ಕೇ ತರುತ್ತದೆ. ಆದ್ದರಿಂದ ರೇಷಿಯೊ ನೋಡಿ ಆಕ್ಟೇನ್ ಊಹಿಸುವುದಕ್ಕಿಂತ ಚೀಟಿಯ ಅಂಕಿ ನಂಬುವುದು ಮೇಲು.

ಆ ಅಂಕಿಗೂ ಮೂರು ಬಗೆಯ ಅರ್ಥ ಇರುತ್ತದೆ, ಗಮನಿಸಿ. ಮ್ಯಾನ್ಯುಯಲ್ಲಿನಲ್ಲಿ ‘91 ಅಥವಾ ಹೆಚ್ಚು’ ಎಂದಿದ್ದರೆ ಮುಗಿಯಿತು. 91 ಇದ್ದರೆ ಸಾಕು, ಅದರ ಮೇಲೆ ಹಾಕುವ ಒಂದೊಂದು ಅಂಕಿಯೂ ಆ ಎಂಜಿನ್ನಿಗೆ ದಂಡ. ‘95 ಶಿಫಾರಸು, 91 ನಡೆಯುತ್ತದೆ’ ಎಂಬರ್ಥದ ಮಾತಿದ್ದರೆ, ಅದು ಹೆಚ್ಚಾಗಿ ಟರ್ಬೊ ಎಂಜಿನ್. 91ರಲ್ಲೂ ಓಡುತ್ತದೆ, ಸೆನ್ಸರ್ ಕಿಡಿಯನ್ನು ತಡ ಮಾಡುತ್ತಾ ಎಂಜಿನ್ ಕಾಯುತ್ತದೆ, ಆದರೆ ಪಿಕಪ್ಪೂ ಮೈಲೇಜೂ ಸ್ವಲ್ಪ ಕುಸಿಯುತ್ತದೆ. ‘ಕನಿಷ್ಠ 95’ ಎಂದು ಕಡ್ಡಾಯವಾಗಿ ಬರೆದಿದ್ದರೆ ಅಲ್ಲಿ ರಾಜಿ ಇಲ್ಲ. ಅಂಥ ಕಾರಿಗೆ 95 ಹಾಕಿಸುವುದು ಒಣ ಜಂಬವಲ್ಲ, ಅದರ ಅಗತ್ಯ.

ಅಗತ್ಯವಿಲ್ಲದ ಕಾರಿಗೆ ದುಬಾರಿ ಪೆಟ್ರೋಲ್ ಹಾಕಿದರೆ ಏನಾಗುತ್ತದೆ ಎಂದು ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಪರೀಕ್ಷಿಸಿತು. ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರುಗಳಲ್ಲಿ ಪ್ರೀಮಿಯಂ ಹಾಕಿ ನೋಡಿದಾಗ ಶಕ್ತಿಯಾಗಲೀ ಮೈಲೇಜಾಗಲೀ ಗಮನಿಸುವಷ್ಟು ಹೆಚ್ಚಲಿಲ್ಲ, ಹೊಗೆಯೂ ಕಡಿಮೆಯಾಗಲಿಲ್ಲ. ಹಿಂದಿನ 12 ತಿಂಗಳಲ್ಲಿ 1 ಕೋಟಿ 65 ಲಕ್ಷ ಚಾಲಕರು ಹೀಗೆ ಸುಮ್ಮನೆ 210 ಕೋಟಿ ಡಾಲರ್ ಕಳೆದುಕೊಂಡರು ಎಂದು ಅದು ಲೆಕ್ಕ ಕೊಟ್ಟಿತು.

ನಮ್ಮ ಲೆಕ್ಕವನ್ನು ನಾವೇ ಹಾಕಬಹುದು. ಲೀಟರಿಗೆ ಎಂಟು ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ, ತಿಂಗಳಿಗೆ 60 ಲೀಟರ್. ತಿಂಗಳಿಗೆ 480, ವರ್ಷಕ್ಕೆ 5,760 ರೂಪಾಯಿ. ಒಂದು ಸಣ್ಣ ಕಾರಿನ ಎಂಜಿನ್ ಆಯಿಲ್, ಏರ್ ಫಿಲ್ಟರ್, ಪ್ಲಗ್ ಬದಲಾಯಿಸಿದರೂ ಈ ಹಣದಲ್ಲಿ ಮಿಗುತ್ತದೆ. ಎಂಜಿನ್ನಿಗೆ ನಿಜವಾಗಿ ಬೇಕಾದದ್ದು ಅವು. ಧೂಳಿನ ದಾರಿಯಲ್ಲಿ ಓಡಾಡುವ ಬಯಲುಸೀಮೆಯ ಗಾಡಿಗಂತೂ ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು. 100 ಆಕ್ಟೇನಿನ ಮಾತು ಇನ್ನೂ ದೂರ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ 100 ಬಿಟ್ಟಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂಪಾಯಿ, ಸಾದಾ ಪೆಟ್ರೋಲಿನ ಹೆಚ್ಚುಕಡಿಮೆ ಎರಡರಷ್ಟು. ಅತಿ ವೇಗದ ಕಾರು, ಬೈಕುಗಳ ಎಂಜಿನ್ನಿಗೆ ಅದರಿಂದ ಲಾಭ ಉಂಟು. ಆಲ್ಟೊಗೋ ವ್ಯಾಗನ್ ಆರ್‌ಗೋ ಹಾಕಿಸಿದರೆ ಬಿಲ್ಲು ಮಾತ್ರ ಬೇರೆ.

‘ಆದರೆ ಪವರ್ ಹಾಕಿಸಿದರೆ ಎಂಜಿನ್ ಕ್ಲೀನ್ ಆಗುತ್ತಲ್ಲ?’ ಎಂಬ ಪ್ರಶ್ನೆ ಇದೆ, ಅದಕ್ಕೆ ಆಧಾರವೂ ಇದೆ. ದುಬಾರಿ ಪೆಟ್ರೋಲಿಗೆ ಕಂಪನಿಗಳು ಡಿಟರ್ಜೆಂಟ್ ಜಾತಿಯ ರಾಸಾಯನಿಕ ಬೆರೆಸುತ್ತವೆ. ಇಂಜೆಕ್ಟರಿನ ಬಾಯಲ್ಲಿ, ಇನ್‌ಟೇಕ್ ವಾಲ್ವಿನ ಮೇಲೆ ಕೂರುವ ಕರಿಯನ್ನು ಅದು ತಡೆಯುತ್ತದೆ. ಒಂದು ಕಾಲಕ್ಕೆ ನಮ್ಮ ದೇಶದ ‘ಪ್ರೀಮಿಯಂ’ ಪೆಟ್ರೋಲುಗಳಲ್ಲಿ ಇದ್ದ ವ್ಯತ್ಯಾಸವೇ ಇಷ್ಟು. ಆಕ್ಟೇನ್ ಸಾದಾದಷ್ಟೇ, ರಾಸಾಯನಿಕ ಮಾತ್ರ ಹೆಚ್ಚು. ಅಪರೂಪಕ್ಕೊಂದು ಟ್ಯಾಂಕ್ ಹಾಕಿಸುವವರನ್ನು ನಾನು ಬೇಡ ಎನ್ನುವುದಿಲ್ಲ. ಆ ಲಾಭ ಆಕ್ಟೇನಿನದಲ್ಲ, ಬೆರೆಸಿದ ರಾಸಾಯನಿಕದ್ದು ಎಂಬುದಷ್ಟು ತಿಳಿದಿರಲಿ.

ಬಂಕಿನ ಬ್ರಾಂಡು ನೋಡಿ ‘ಅವರದು ಒಳ್ಳೇ ಪೆಟ್ರೋಲ್, ಇವರದು ಸುಮಾರು’ ಎನ್ನುವ ಮಾತನ್ನೂ ಇಲ್ಲೇ ನೋಡಿಬಿಡೋಣ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹಾಸನದ ಮೂಲಕ ಬೆಂಗಳೂರಿನ ಕಡೆಗೆ ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2003ರಿಂದ ನೆಲದಡಿ ಹರಿಯುತ್ತಿದೆ. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಪಂಪು ಮಾಡಿ ಪೆಟ್ರೋಲ್, ಡೀಸೆಲ್ಲನ್ನು ಪಶ್ಚಿಮಘಟ್ಟ ಹತ್ತಿಸುತ್ತಾರೆ. ಹಾಸನದ ಟರ್ಮಿನಲ್ಲಿನಲ್ಲಿ ಅದು ಟ್ಯಾಂಕರ್ ತುಂಬಿ ಊರೂರಿಗೆ ಹೊರಡುತ್ತದೆ. ತೈಲ ಕಂಪನಿಗಳು ತಮ್ಮತಮ್ಮೊಳಗೆ ಪೆಟ್ರೋಲ್ ಹಂಚಿಕೊಳ್ಳುವುದು ಈ ವ್ಯಾಪಾರದ ವಾಡಿಕೆ. ಬೋರ್ಡಿನ ಬಣ್ಣ ಬೇರೆಬೇರೆ ಇದ್ದರೂ ಒಂದೇ ಜಿಲ್ಲೆಯ ಬಂಕುಗಳ ಸಾದಾ ಪೆಟ್ರೋಲಿನ ಮೂಲ ಎಷ್ಟೋ ಸಲ ಒಂದೇ ರಿಫೈನರಿ. ಎಲ್ಲರೂ ಪಾಲಿಸಬೇಕಾದ ಭಾರತೀಯ ಮಾನಕವೂ ಒಂದೇ.

ಒಂದು ಬಂಕು ಇನ್ನೊಂದಕ್ಕಿಂತ ಭಿನ್ನವಾಗುವುದು ಕಲಬೆರಕೆಯಲ್ಲಿ. ಸೀಮೆಎಣ್ಣೆಯ ತಾಳಿಕೆ ತೀರಾ ಕಡಿಮೆ. ಅದು ಸ್ವಲ್ಪ ಬೆರೆತರೂ ಆಕ್ಟೇನ್ ಕುಸಿದು ಎಂಜಿನ್ ಬಡಿದುಕೊಳ್ಳುತ್ತದೆ. ಅನುಮಾನ ಬಂದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ನಳಿಕೆಯ ತುದಿಯನ್ನು ಒರೆಸಿ, ಪೇಪರಿನ ಮೇಲೆ ಒಂದು ಹನಿ ಬಿಡಿ. ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಒಂದೆರಡು ನಿಮಿಷದಲ್ಲಿ ಆರಿಹೋಗುತ್ತದೆ. ಎಣ್ಣೆಯ ಜಿಡ್ಡು ಉಳಿದರೆ ಅನುಮಾನಕ್ಕೆ ಆಧಾರ ಸಿಕ್ಕಿತು. ಸಾಂದ್ರತೆಯನ್ನೂ ಅಳೆದು ತೋರಿಸಿ ಎನ್ನಬಹುದು. ಬಂಕಿನ ದಾಖಲೆಯಲ್ಲಿರುವ ಅಂಕಿಗೂ ಅಳೆದ ಅಂಕಿಗೂ ಘನ ಮೀಟರಿಗೆ ಮೂರು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಳ್ಳಿಯ ಅಂಗಡಿಗಳಲ್ಲಿ ಬಾಟಲಿಗೆ ತುಂಬಿ ಮಾರುವ ಪೆಟ್ರೋಲಿಗೆ ಈ ಯಾವ ಪರೀಕ್ಷೆಯೂ ಇಲ್ಲ. ದಾರಿಯಲ್ಲಿ ನಿಂತುಹೋದವನಿಗೆ ಅದು ಆಪದ್ಬಾಂಧವ ಎಂಬುದು ನಿಜ. ಆದರೂ ಅದನ್ನೇ ಅಭ್ಯಾಸ ಮಾಡಿಕೊಳ್ಳಬಾರದು, ಬೆಂಕಿಯ ಅಪಾಯ ಬೇರೆ.

ಪೆಟ್ರೋಲ್ ಸರಿಯಿದ್ದೂ ಕಟಕಟ ಕೇಳುವುದುಂಟು. ಕಣಕಟ್ಟೆ ಕಡೆಯಿಂದ ಧರ್ಮಸ್ಥಳಕ್ಕೆ ಹೋಗುವ ಕುಟುಂಬವನ್ನೇ ನೆನೆಯಿರಿ. ಐದು ಜನರ ಕಾರಿನಲ್ಲಿ ಆರೇಳು ಜನ, ಡಿಕ್ಕಿ ತುಂಬ ಸಾಮಾನು, ಎಸಿ. ಬೇಲೂರು ದಾಟಿ ಚಾರ್ಮಾಡಿ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ದರ್ಶನ ಮುಗಿಸಿ, ಕರಾವಳಿಯ ಸೆಕೆಯಲ್ಲಿ ಕಾದ ಎಂಜಿನ್ನಿನೊಂದಿಗೆ ಮರಳಿ ಘಾಟಿ ಹತ್ತುವಾಗ, ಚಾಲಕ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತುಳಿದಿರುತ್ತಾನೆ. ಎಂಜಿನ್ ನಿಧಾನವಾಗಿ ತಿರುಗುತ್ತಿದೆ, ಭಾರ ಪೂರ್ತಿ ಬಿದ್ದಿದೆ, ಬಿಸಿಯಾಗಿದೆ. ನಾಕಿಂಗಿಗೆ ಇದಕ್ಕಿಂತ ಹದವಾದ ಹೊತ್ತಿಲ್ಲ. ಮದ್ದು ಬಂಕಿನಲ್ಲಿಲ್ಲ, ಕೈಯಲ್ಲಿದೆ: ಗೇರು ಇಳಿಸಬೇಕು. ಎಂಜಿನ್ ವೇಗವಾಗಿ ತಿರುಗಿದರೆ ಅಂಚಿನ ಮಿಶ್ರಣಕ್ಕೆ ಸಿಡಿಯಲು ಸಮಯವೇ ಸಿಗುವುದಿಲ್ಲ. ‘ಮೇಲಿನ ಗೇರಿನಲ್ಲೇ ಎಳೆದರೆ ಪೆಟ್ರೋಲ್ ಉಳಿಯುತ್ತೆ’ ಎಂಬ ನಂಬಿಕೆ ಏರುದಾರಿಯಲ್ಲಿ ಎಂಜಿನ್ನನ್ನು ತಿನ್ನುತ್ತದೆ. ಕಾಯಿಮೂಟೆ ಹೇರಿದ ಬೈಕಿಗೂ ಇದೇ ಮಾತು.

ಕೂಲೆಂಟ್ ಕಡಿಮೆಯಾಗಿದ್ದರೆ, ಪಿಸ್ಟನ್ನಿನ ತಲೆಯ ಮೇಲೆ ವರ್ಷಗಳ ಕಾರ್ಬನ್ ಕೂತಿದ್ದರೆ, ಬೇರೆ ನಂಬರಿನ ಪ್ಲಗ್ ಹಾಕಿದ್ದರೆ, ಹಳೆಯ ಗಾಡಿಯಲ್ಲಿ ಟೈಮಿಂಗ್ ಮುಂದಾಗಿದ್ದರೆ ಸಹ ಬಡಿತ ಕೇಳುತ್ತದೆ. ಅಂಥ ಗಾಡಿಗೆ ಪವರ್ ಪೆಟ್ರೋಲ್ ಹಾಕಿದರೆ ಸದ್ದು ಅಡಗಬಹುದು. ಕಾಯಿಲೆ ಒಳಗೇ ಉಳಿಯುತ್ತದೆ. ಮೊದಲು ಗ್ಯಾರೇಜಿಗೆ ತೋರಿಸಬೇಕು.

ನಮ್ಮ ಸೀಮೆಗೆ ಒಂದು ಅನುಕೂಲವೂ ಇದೆ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಶೇ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಲ ಒಳಗೆಳೆದುಕೊಳ್ಳುವ ಗಾಳಿಯೂ ಅಷ್ಟು ಕಡಿಮೆ, ಒತ್ತಿದಾಗ ಏಳುವ ಒತ್ತಡವೂ ಕಡಿಮೆ. ಹಾಗಾಗಿ ಅದೇ ಕಾರಿಗೆ ಕರಾವಳಿಯಲ್ಲಿ ಬೇಕಾದಷ್ಟು ಆಕ್ಟೇನ್ ಇಲ್ಲಿ ಬೇಕಾಗುವುದಿಲ್ಲ. ಅಮೆರಿಕದ ಕೊಲೊರಾಡೊದಂಥ ಎತ್ತರದ ರಾಜ್ಯಗಳಲ್ಲಿ ಇದೇ ಕಾರಣಕ್ಕೆ ಉಳಿದ ಕಡೆಗಿಂತ ಕಡಿಮೆ ಆಕ್ಟೇನಿನ ಪೆಟ್ರೋಲನ್ನೇ ಸಾದಾ ಎಂದು ಮಾರುತ್ತಾ ಬಂದಿದ್ದಾರೆ. ಎತ್ತರದ ಊರಿನವರು ‘ಇಲ್ಲಿ ಗಾಡಿ ಎಳೆಯಲ್ಲ’ ಎಂದು ಪವರ್ ಹಾಕಿಸಿದರೆ ಏನೂ ಸಿಗುವುದಿಲ್ಲ. ಕೊರತೆ ಇರುವುದು ಗಾಳಿಯದು.

ಡೀಸೆಲ್ ಗಾಡಿಯವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಇಂಧನ ತಾನಾಗಿ ಬೇಗ ಹೊತ್ತಿಕೊಳ್ಳಬೇಕು. ಅದರ ಅಳತೆ ಸೀಟೇನ್. ಆಕ್ಟೇನಿಗೆ ತೀರಾ ತಿರುಗುಮುರುಗಾದ ಗುಣ.

ಆಕ್ಟೇನ್ ಏರಿಸುವ ಹಂಬಲ ಒಮ್ಮೆ ಜಗತ್ತಿಗೆ ದುಬಾರಿಯಾಗಿ ಬಿತ್ತು. 1921ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸಿನ ಥಾಮಸ್ ಮಿಡ್ಗ್ಲಿ, ಪೆಟ್ರೋಲಿಗೆ ಚೂರು ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡರು. ಅಗ್ಗದ ಉಪಾಯ, ಸೀಸದ ವಿಷ. ಮದ್ಯಸಾರವೂ ಇದೇ ಕೆಲಸ ಮಾಡುತ್ತದೆ ಎಂಬುದು ಆಗಲೇ ಗೊತ್ತಿತ್ತು, ಆದರೂ ಸೀಸವೇ ಗೆದ್ದಿತು. ಮುಂದಿನ ಹಲವು ದಶಕ ಗಾಡಿಗಳ ಹೊಗೆಯಲ್ಲಿ ಸೀಸ ಸೇರಿ ಮಕ್ಕಳ ರಕ್ತಕ್ಕೆ, ಮಿದುಳಿಗೆ ಇಳಿಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರುವರಿ 1ರಂದು. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ. ಒಂದು ಅಂಕಿಯ ಬೆನ್ನು ಹತ್ತಿ ನೂರು ವರ್ಷ ವಿಷ ಉಸಿರಾಡಿದ್ದು ಮರೆಯುವಂಥದ್ದಲ್ಲ.

ಅಂದು ಬದಿಗಿಟ್ಟ ಮದ್ಯಸಾರ ಈಗ ನಮ್ಮ ಟ್ಯಾಂಕಿಗೇ ಬಂದಿದೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರುವರಿ 6ರಂದು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿ. 2025ರ ಹೊತ್ತಿಗೆ ಅದೇ ದೇಶದ ಸಾದಾ ಪೆಟ್ರೋಲ್ ಆಯಿತು. ಎಥನಾಲಿನ ಆಕ್ಟೇನ್ ನೂರು ಮೀರಿದ್ದು. ಅದು ಆವಿಯಾಗುವಾಗ ಮಿಶ್ರಣವನ್ನು ತಂಪೂ ಮಾಡುತ್ತದೆ. ಹೀಗಾಗಿ ಬಿಎಸ್-2 ಹೊಗೆ ನಿಯಮದ ಕಾಲಕ್ಕೆ 88 ಇದ್ದು, ಆಮೇಲೆ 91ಕ್ಕೆ ಏರಿದ್ದ ನಮ್ಮ ಸಾದಾ ಪೆಟ್ರೋಲಿನ ಅಂಕಿ ಇ20ಯೊಂದಿಗೆ 95 ಮುಟ್ಟಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ.

ಬಂಕಿನ ಹುಡುಗನ ಪ್ರಶ್ನೆಯ ಅರ್ಥವೇ ಇದರಿಂದ ಬದಲಾಗಿದೆ. 91 ಸಾಕು ಎನ್ನುವ ಕಾರಿಗೆ ಈಗ ಸಾದಾ ನಳಿಕೆಯಿಂದಲೇ ನಾಲ್ಕು ಅಂಕಿ ಹೆಚ್ಚು ಸಿಗುತ್ತಿದೆ. 95 ಬೇಕು ಎನ್ನುವ ಟರ್ಬೊ ಕಾರಿಗೂ ಅದು ಸಾಲುತ್ತದೆ. 95ರ ಹೆಸರಿನಲ್ಲೇ ಮಾರುವ ದುಬಾರಿ ಪೆಟ್ರೋಲಿನಲ್ಲಿ ಉಳಿದಿರುವ ಹೆಚ್ಚುಗಾರಿಕೆ ಶುಚಿ ಮಾಡುವ ರಾಸಾಯನಿಕವೊಂದೇ. ಇಷ್ಟು ಸರಳವಾದ ಸಂಗತಿಯನ್ನು ಯಾವ ಬಂಕಿನಲ್ಲೂ ಗ್ರಾಹಕರಿಗೆ ಬಿಡಿಸಿ ಹೇಳಿದ ಫಲಕ ನಾನು ಕಂಡಿಲ್ಲ.

ಆಕ್ಟೇನ್ ಏರಿತು, ಶಕ್ತಿ ಇಳಿಯಿತು. ಲೀಟರಿಗೆ ಲೀಟರ್ ನೋಡಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ನೀತಿ ಆಯೋಗದ 2021ರ ವರದಿಯೇ, ಶುದ್ಧ ಪೆಟ್ರೋಲಿಗಾಗಿ ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜ್ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4 ಇಳಿಯಬಹುದು ಎಂದಿತ್ತು. ಇ20ಗೆಂದೇ ಹೊಂದಿಸಿದ ಕಾರುಗಳಲ್ಲಿ ಈ ನಷ್ಟ ಶೇ 1–2 ಮಾತ್ರ. ಹೊಸ ಕಾರು ಕೊಂಡವರಿಗೆ ಅಷ್ಟಾಗಿ ತಟ್ಟದ ಹೊರೆ, ಹಳೆಯ ಕಾರು ಕೊಂಡ ಕಣಕಟ್ಟೆಯಂಥ ಊರಿನ ಮನೆಗಳ ಮೇಲೆ ಬೀಳುತ್ತಿದೆ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಇದರಿಂದ ಅನುಕೂಲವಾಗಿದೆ, ವಿದೇಶದ ಕಚ್ಚಾತೈಲಕ್ಕೆ ಕೊಡುವ ಹಣವೂ ಉಳಿಯುತ್ತದೆ, ನಿಜ. ಕಡಿಮೆ ಶಕ್ತಿಯ ಲೀಟರಿಗೆ ಬೆಲೆಯೂ ಅಷ್ಟು ಕಡಿಮೆಯಾಗಬೇಕಿತ್ತು ಎಂಬ ಮಾತೂ ಅಷ್ಟೇ ನಿಜ.

ಹಳೆಯ ಗಾಡಿ ಇಟ್ಟುಕೊಂಡವರು ನೋಡಿಕೊಳ್ಳಬೇಕಾದದ್ದು ಆಕ್ಟೇನನ್ನಲ್ಲ, ರಬ್ಬರನ್ನು. 2023ರ ಏಪ್ರಿಲಿಗೆ ಹಿಂದಿನ ಗಾಡಿಯಾದರೆ ಪೆಟ್ರೋಲ್ ಪೈಪು, ವಾಷರು, ಗ್ಯಾಸ್ಕೆಟ್ಟುಗಳನ್ನು ಸರ್ವಿಸಿಗೆ ಬಿಟ್ಟಾಗಲೆಲ್ಲ ನೋಡಿಸಿ, ಬಿರಿದಿದ್ದರೆ ಬದಲಿಸಿ. ಕಾರ್ಬುರೇಟರಿನ ಹಳೆಯ ಬೈಕು ಇ20ಯಲ್ಲಿ ತೊದಲುವುದುಂಟು, ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಟ್ಯೂನಿಂಗಿನಲ್ಲೇ ಅದನ್ನು ಸರಿಪಡಿಸಬಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮದುವೆ, ಜಾತ್ರೆಗೆ ಮಾತ್ರ ಹೊರಗೆ ತೆಗೆಯುವ ಕಾರಿನಲ್ಲಿ ಮಳೆಗಾಲವಿಡೀ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಡುವುದಕ್ಕಿಂತ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸುವುದು ಒಳ್ಳೆಯದು.

ಎಥನಾಲ್ ಪ್ರಮಾಣವನ್ನು ಬಂಕುಗಳಲ್ಲಿ ಸ್ಪಷ್ಟವಾಗಿ ಬರೆಯಬೇಕು, ಎಥನಾಲ್ ಇಲ್ಲದ ಪೆಟ್ರೋಲೂ ಸಿಗುವಂತಿರಬೇಕು ಎಂದು ಕೋರಿದ ಸಾರ್ವಜನಿಕ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಎರಡನೆಯ ಬೇಡಿಕೆಗೆ ಖರ್ಚಿದೆ, ಬೇರೆ ಟ್ಯಾಂಕು, ಬೇರೆ ನಳಿಕೆ ಬೇಕು. ಮೊದಲನೆಯದಕ್ಕೆ ಬೇಕಾದದ್ದು ಒಂದು ಚೀಟಿ. ಅಮೆರಿಕದ ಪ್ರತಿ ಪಂಪಿನ ಮೇಲೂ ಹಳದಿ ಚೀಟಿಯಲ್ಲಿ ಕಪ್ಪು ಅಕ್ಷರದಲ್ಲಿ ಆಕ್ಟೇನ್ ಅಂಕಿ ಇರಲೇಬೇಕೆಂಬ ನಿಯಮ 1979ರಿಂದ ಇದೆ. ನಮ್ಮ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಗಾಳಿ ಪುಕ್ಕಟೆ ಎಂದು ಬರೆದಿರುತ್ತಾರೆ. ಅದೇ ಸಾಲಿನಲ್ಲಿ ಪ್ರತಿ ನಳಿಕೆಯ ಮೇಲೂ ಮೂರು ಸಂಗತಿ ಬೇಕು: ಆಕ್ಟೇನ್ ಎಷ್ಟು, ಎಥನಾಲ್ ಎಷ್ಟು, ಈ ಪೆಟ್ರೋಲಿನಲ್ಲಿ ಶುಚಿಕಾರಕ ಇದೆಯೋ ಇಲ್ಲವೋ. ಕನ್ನಡದಲ್ಲಿ, ಗಾಡಿಯ ಮೇಲೆ ಕೂತವನಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ತೈಲ ಕಂಪನಿಗಳು ಇದಕ್ಕೆ ಕಾಯ್ದೆಗಾಗಿ ಕಾಯಬೇಕಿಲ್ಲ. ಅಲ್ಲಿಯವರೆಗೆ ನಿಮ್ಮ ಕಾರಿನ ಚೀಟಿಯಲ್ಲಿ 91 ಎಂದಿದ್ದರೆ ‘ಸಾದಾನೇ ಹಾಕಪ್ಪ’ ಎನ್ನಿ.